ಹಲ್ಮಿಡಿಗೆ ಕೊಟ್ಟ ಸುಳಿವು ನ್ಯಾಯವೇ? (ಭಾನುವಾರದ ಪದಬಂಧ, ಮೇಲಿನಿಂದ ಕೆಳಕ್ಕೆ 9)

ಅರಸೀಕೆರೆ ಜಂಕ್ಷನ್

ಯಗಚಿ ಅಕ್ಕ ಕಟ್ಟಿದ ಭಾನುವಾರದ ಪದಬಂಧ ಪೂರ್ತಿ ಬಿಡಿಸಿದೆ. ಒಂದು ಸುಳಿವು ಮಾತ್ರ ನನಗೆ ಒಪ್ಪಿಗೆ ಆಗಲಿಲ್ಲ.

‘ಹಲ್ಲು ಮುರಿದು ಎಳೆ ಮಾವಿಗೆ ಹತ್ತಿದ ಹಳೇ ಶಾಸನದ ಊರು (3)’

ಉತ್ತರ ಹಲ್ಮಿಡಿ. ಅದರಲ್ಲಿ ಅನುಮಾನ ಇಲ್ಲ. ಹಾಸನ ಜಿಲ್ಲೆಯವನಿಗೆ ಶಾಸನದ ಊರು ಅಂದ ಕೂಡಲೇ ನೆನಪಾಗುವುದು ಅದೇ. ಎಳೆ ಮಾವು ಮಿಡಿ, ಅದೂ ಸರಿ. ಆದರೆ ‘ಹಲ್ಲು ಮುರಿದು’ ಹೇಗೆ ‘ಹಲ್’ ಆಯಿತು? ನಮ್ಮ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಹಲ್ಲು ಅಂದರೆ ಎರಡು ಮನೆ, ಹ ಮತ್ತು ಲ್ಲು. ಮುರಿದರೆ ಹ ಉಳಿಯುತ್ತದೆ. ಅದಕ್ಕೆ ಮಿಡಿ ಸೇರಿಸಿದರೆ ಹಮಿಡಿ, ಅದೂ ಮೂರೇ ಮನೆ, ಸರಿಯಾಗಿ ಕೂರುತ್ತದೆ. ಹಾಸನದ ರೈಲಲ್ಲಿ ಕೂತು ಹಮಿಡಿ ಅನ್ನುವ ಊರು ಯಾವ ತಾಲ್ಲೂಕಲ್ಲಿ ಬರುತ್ತೆ ಅಂತ ಯೋಚನೆ ಮಾಡುತ್ತಲೇ ಸ್ಟೇಷನ್ ಬಂತು.

ಅದೇ ಪದಬಂಧದ ಎಡದಿಂದ ಬಲಕ್ಕೆ 4 ನೋಡಿ. ‘ಮಳೆಯ ಕೊನೆಗೆ ಮುಂಚೆ ಕಿತ್ತ ಹಣ್ಣು (3)’. ಮಳೆಯ ಕೊನೆ ‘ಳೆ’. ಅದಕ್ಕೆ ಮುಂಚೆ ‘ಕಿತ್ತ’. ಕಿತ್ತಳೆ. ಇದನ್ನು ಬಿಡಿಸಿದಾಗ ಎಷ್ಟು ಖುಷಿ ಆಯಿತು ಅಂದರೆ ಪಕ್ಕದಲ್ಲಿ ಕೂತಿದ್ದವರಿಗೂ ಓದಿ ಹೇಳಿದೆ. ಇಲ್ಲಿ ಕೊನೆ ಅಂದರೆ ಪೂರ್ತಿ ಅಕ್ಷರ, ಬರೀ ಎಕಾರ ಅಲ್ಲ. ಅಲ್ಲಿ ಮಾತ್ರ ಹಲ್ಲಿನ ಅರ್ಧ ಅಕ್ಷರ ಉದುರಿ ಅರ್ಧ ಉಳಿಯುತ್ತದೆ. ಒಂದೇ ಪದಬಂಧದಲ್ಲಿ ಎರಡು ಅಳತೆ ಇಟ್ಟರೆ ಬಿಡಿಸುವವನು ಯಾವುದನ್ನು ನಂಬಬೇಕು?

ಯಗಚಿ ದಂಡೆ

ಜಂಕ್ಷನ್ ಅಣ್ಣ, ಕೇಳಿದ್ದು ಒಳ್ಳೆಯದಾಯಿತು. ಈ ಸುಳಿವಿಗೆ ನಾನು ಮೂರು ದಿನ ಕೂತಿದ್ದೆ.

ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂಬತ್ತಕ್ಕೆ ಒಂಬತ್ತು ಮನೆ ಗೆರೆ ಹಾಕಿ ಶುರು ಮಾಡುತ್ತೇನೆ. ಹಲ್ಮಿಡಿ ಹಾಕಲೇಬೇಕು ಅಂತ ಆಸೆ, ಬೇಲೂರು ತಾಲ್ಲೂಕಿನವಳು ನಾನು. ಆದರೆ ನಡುವಿನ ಮನೆ ‘ಲ್ಮಿ’. ಅದಕ್ಕೆ ಅಡ್ಡ ಹಾಯಿಸಲು ಒಂದು ಪದ ಬೇಕಲ್ಲ. ವಾಲ್ಮೀಕಿ ಅಂತ ಬರೆದೆ, ಅಳಿಸಿದೆ, ಅಲ್ಲಿರುವುದು ದೀರ್ಘ ‘ಲ್ಮೀ’. ಗುಲ್ಮ, ಶಾಲ್ಮಲಿ ಎರಡರಲ್ಲೂ ‘ಲ್ಮ’. ರಬ್ಬರ್ ತಿಕ್ಕಿ ತಿಕ್ಕಿ ಆ ಮನೆ ಇದ್ದ ಕಡೆ ಕಾಗದವೇ ತೂತಾಯಿತು. ಕೊನೆಗೆ ಮೇಲೆ ‘ಹ’, ಕೆಳಗೆ ‘ಡಿ’ ಮಾತ್ರ ಅಡ್ಡ ಪದಗಳಿಂದ ಸಿಗುವ ಹಾಗೆ ಮಾಡಿ ನಡುವಿನದ್ದನ್ನು ಹಾಗೇ ಬಿಟ್ಟೆ.

ಈಗ ನ್ಯಾಯದ ಮಾತು. ನಾವು ಬರೆಯುವುದು ಅಕ್ಷರದಲ್ಲಿ, ಆಡುವುದು ಸದ್ದಿನಲ್ಲಿ. ಕಿವಿಗೆ ‘ಹಲ್’ ಮತ್ತು ‘ಮಿಡಿ’ ಎರಡೂ ಸ್ಪಷ್ಟವಾಗಿ ಕೇಳುತ್ತವೆ ಅಲ್ವಾ? ಕಿವಿಗೆ ಕೇಳುವುದನ್ನು ಆಟದಿಂದ ಹೊರಗೆ ಇಟ್ಟರೆ ಕನ್ನಡದ ಅರ್ಧ ಸೊಗಸೇ ಹೋಗುತ್ತದೆ.

ಕೊಪ್ಪದ ಹುಡುಗ

ಅಕ್ಕಾ, ‘ಫಿಲ್ಮಿ’! ಫಿ, ಲ್ಮಿ. ಫಿಲ್ಮಿ ಸ್ಟೈಲು ಅಂತ ಎಲ್ಲರೂ ಅಂತಾರಲ್ಲ, ಅದು ಆಗುತ್ತಾ?

ನಾನು ಇಲ್ಲಿಗೆ ಹೊಸಬ. ಪೇಪರ್‌ಗಳಲ್ಲಿ ಬರುವ ಮಾಮೂಲಿ ಪದಬಂಧ ಅಮ್ಮನ ಜೊತೆ ಕೂತು ಬಿಡಿಸುತ್ತಿದ್ದೆ. ‘ಹಾವು, ಸರ್ಪ (2)’ ಅಂದರೆ ನಾಗ, ಆ ಥರದ್ದು. ಇಲ್ಲಿ ನೀವು ಆಡುತ್ತಿರುವುದು ಬೇರೆ ಏನೋ ಇದೆ. ಇದು ಎಲ್ಲಿಂದ ಬಂತು, ಇದಕ್ಕೆ ನಿಯಮ ಏನು, ಯಾರಾದರೂ ಸ್ವಲ್ಪ ಹೇಳುತ್ತೀರಾ?

ಯಗಚಿ ದಂಡೆ

ಅಯ್ಯೋ ತಮ್ಮಾ, ಫಿಲ್ಮಿ! ಮೂರು ದಿನದಲ್ಲಿ ನನಗೆ ಹೊಳೆಯಲಿಲ್ಲ. ಬರೆದಿಟ್ಟುಕೊಂಡೆ.

ಪೆನ್ಸಿಲ್ ಮೇಷ್ಟ್ರು

ಕೊಪ್ಪದ ತಮ್ಮನಿಗೆ ಮೊದಲು ಉತ್ತರ ಹೇಳಿ ಆಮೇಲೆ ಹಲ್ಮಿಡಿಗೆ ಬರುತ್ತೇನೆ.

ಪದಬಂಧ ಶುರುವಾದದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎನ್ನುವವರು ವಜ್ರದ ಆಕಾರದಲ್ಲಿ ಒಂದನ್ನು ಹಾಕಿದರು. ಅದು ಮಾಮೂಲಿ ಪದಬಂಧ. ಅದನ್ನು ತೆಗೆದುಕೊಂಡು ಸುಳಿವಿನೊಳಗೇ ಮಾತಿನ ಆಟ ಬಚ್ಚಿಡುವ ಚಟ ಹಿಡಿಸಿದವರು ಇಂಗ್ಲೆಂಡಿನವರು. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕ್ವೆಮಾಡ ಎಂಬ ಹೆಸರಿಟ್ಟುಕೊಂಡವರು ಬರೀ ಗೂಢ ಸುಳಿವುಗಳ ಪದಬಂಧ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ 1939ರಲ್ಲಿ ಕ್ಸಿಮೆನೀಸ್ ಬಂದರು, 1972ರಿಂದ ಅಝೆಡ್. ಮೂರೂ ಸ್ಪೇನಿನಲ್ಲಿ ಜನರನ್ನು ಹಿಂಸಿಸಿ ವಿಚಾರಣೆ ಮಾಡುತ್ತಿದ್ದ ಧರ್ಮಾಧಿಕಾರಿಗಳ ಹೆಸರು. ಅಝೆಡ್ ಎಂದರೆ ಡೆಜಾ ಎನ್ನುವವನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತಿರುಗಿಸಿ ಬರೆದದ್ದು.

ಕ್ಸಿಮೆನೀಸ್ ದಾರಿಯವರ ನಿಯಮ ಮೂರು ಮಾತಿನದು. ಸುಳಿವಿನಲ್ಲಿ ಉತ್ತರದ ನೇರ ಅರ್ಥ ಇರಬೇಕು. ಉತ್ತರವನ್ನು ಕಟ್ಟುವ ಆಟ ಇರಬೇಕು. ಇವೆರಡು ಬಿಟ್ಟು ಇನ್ನೇನೂ ಇರಬಾರದು. ಅರ್ಥ ಯಾವಾಗಲೂ ಸುಳಿವಿನ ಒಂದು ತುದಿಯಲ್ಲಿರುತ್ತದೆ, ನಡುವೆ ಅಲ್ಲ. ಆಫ್ರಿಟ್ ಎಂಬ ಇನ್ನೊಬ್ಬ ಹಿರಿಯ ಪದಬಂಧಕಾರರ ಮಾತಿನ ತಾತ್ಪರ್ಯ ಇದು: ಸುಳಿವು ಮೇಲ್ನೋಟಕ್ಕೆ ಹೇಳುವುದು ನಿಜವಾದ ಅರ್ಥ ಆಗಿರಬೇಕಾಗಿಲ್ಲ, ಆದರೆ ನಿಜವಾದ ಅರ್ಥ ಏನೋ ಅದನ್ನು ಸುಳಿವು ಹೇಳಿರಲೇಬೇಕು. ದಾರಿ ತಪ್ಪಿಸಬಹುದು, ಮೋಸ ಮಾಡುವ ಹಾಗಿಲ್ಲ.

ಭಾನುವಾರದ್ದರಲ್ಲೇ ಒಂದು ಉದಾಹರಣೆ. ‘ತಿರುಗಿ ಹೋದ ಯಮ ಪಾಂಡವರಿಗೆ ಸಭೆ ಕಟ್ಟಿದವನು (2)’. ಯಮ ತಿರುಗಿದರೆ ಮಯ. ಪಾಂಡವರಿಗೆ ಸಭೆ ಕಟ್ಟಿಕೊಟ್ಟವನು ಮಯ. ಎರಡು ಕಡೆಯಿಂದ ಬಂದರೂ ಒಂದೇ ಬಾಗಿಲು. ಹೀಗೆ ಬಿಡಿಸಿದಾಗ ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಮೂಡಿಗೆರೆ ತೋಟ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದು ಹೊರಗಿನಿಂದ ಬಂದದ್ದು ನಿಜ, ಆದರೆ ನಮಗೆ ಇದರ ರುಚಿ ಮೊದಲೇ ಇತ್ತು. ನಮ್ಮಜ್ಜಿ ಅಡಿಕೆ ಸುಲಿಯುತ್ತಾ ಒಗಟು ಹಾಕುತ್ತಿದ್ದರು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲೈತೆ’. ಎಲ್ಲರ ಮನೆಯಲ್ಲೂ ಉತ್ತರ ಮಲ್ಲಿಗೆ. ನಮ್ಮನೆಯಲ್ಲಿ ಮಾತ್ರ ಕಾಫಿ ಹೂವು. ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದಲ್ಲ, ವಾಸನೆಯೂ ಹೆಚ್ಚುಕಮ್ಮಿ ಮಲ್ಲಿಗೆಯದ್ದೇ. ಚಿಕ್ಕವನಿದ್ದಾಗ ಸ್ಕೂಲಲ್ಲಿ ಕಾಫಿ ಹೂವು ಅಂದೆ, ತಪ್ಪು ಅಂದರು. ಅಜ್ಜಿ ಹತ್ತಿರ ಬಂದು ಅತ್ತೆ. ಎರಡೂ ಸರಿ ಕಣೋ ಅಂದರು.

ಒಗಟಿಗೂ ಕ್ರಿಪ್ಟಿಕ್ ಸುಳಿವಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಅದರಿಂದಲೇ. ಒಗಟಿಗೆ ಎರಡು ಉತ್ತರ ಇರಬಹುದು. ಇಲ್ಲಿ ಇರಬಾರದು. ಹಾಗೇ ಅಲ್ಲಮನ ಬೆಡಗು, ಕನಕದಾಸರ ಮುಂಡಿಗೆ ಇವೆ. ಅವಕ್ಕೆ ತಿಳಿದವರು ಕೀಲಿ ಕೊಡಬೇಕು. ಪದಬಂಧದ ಸುಳಿವಿನಲ್ಲಿ ಕೀಲಿಯೂ ಒಳಗೇ ಇರಬೇಕು. ಅದಕ್ಕೇ ಜಂಕ್ಷನ್ ಅಣ್ಣ ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ.

ಕಿತ್ತಳೆ ಸುಳಿವಿಗೆ ನನ್ನ ಕಡೆಯಿಂದಲೂ ಶಭಾಷ್ ಅಕ್ಕಾ. ಕಾಫಿ ತೋಟದ ನೆರಳಲ್ಲಿ ಕಿತ್ತಳೆ ಬೆಳೆಸಿದವರಿಗೆ ಅದು ಸುಳಿವಿನ ಹಾಗೆ ಕಾಣುವುದೇ ಇಲ್ಲ. ಅವಸರಕ್ಕೆ ಕಿತ್ತು ಹಾಳು ಮಾಡಿದರು ಅಂತ ಯಾರೋ ಬೇಜಾರು ಮಾಡಿಕೊಂಡ ಹಾಗಿದೆ.

ಅರಸೀಕೆರೆ ಜಂಕ್ಷನ್

ಅದೇ ನಾನು ಹೇಳುವುದೂ. ಅಕ್ಕನ ಸುಳಿವುಗಳಲ್ಲಿ ಮೇಲಿನ ಮಾತು ಅಷ್ಟು ಸಹಜವಾಗಿ ಇರುತ್ತದೆ, ಅದಕ್ಕೇ ಒಂದು ಕಡೆ ಜಾರಿದರೂ ಮನಸ್ಸಿಗೆ ಚುಚ್ಚುತ್ತದೆ.

ಕನ್ನಡದಲ್ಲಿ ನಮಗೆ ಸಿಗುವ ಜಾಗ ಕಮ್ಮಿ. ಚಿಕ್ಕಮಗಳೂರು ಅಂತ ಇಂಗ್ಲಿಷಿನಲ್ಲಿ ಬರೆದರೆ ಹದಿನಾಲ್ಕು ಅಕ್ಷರ, ಕನ್ನಡದಲ್ಲಿ ಆರೇ ಮನೆ. ಹಾಸನ ಅಲ್ಲಿ ಆರು, ಇಲ್ಲಿ ಮೂರು. ಇಂಗ್ಲಿಷಿನವರು ಅಕ್ಷರ ಕಲಸಿ ಹಾಕುವ ಆಟ ಅಷ್ಟು ಆಡುತ್ತಾರಲ್ಲ, ನಮಗೆ ಅದು ಒಗ್ಗುವುದು ಕಷ್ಟ. ಮೂರು ಅಕ್ಷರ ಕಲಸಿದರೆ ಬರುವುದು ಆರೇ ಜೋಡಣೆ, ನೋಡಿದ ಕೂಡಲೇ ಸಿಕ್ಕಿಬಿಡುತ್ತದೆ. ಒತ್ತಕ್ಷರ ಇದ್ದರೆ ಇನ್ನೂ ಕಮ್ಮಿ, ‘ಕ್ಕ’ ಅಂತ ಯಾವ ಪದವೂ ಶುರುವಾಗಲ್ಲವಲ್ಲ. ನಾನು ಮಾಡಿದ್ದರಲ್ಲಿ ನನಗೆ ಮೆಚ್ಚುಗೆ ಆದದ್ದು ಒಂದೇ. ‘ದಮನ ಏರುಪೇರಾಗಿ ಶಿವ ಸುಟ್ಟವನು (3)’, ಮದನ.

ಹೀಗೆ ಜಾಗ ಕಮ್ಮಿ ಇರುವಾಗ ಅಳತೆ ಬಿಗಿಯಾಗಿರಬೇಕು. ಇಲ್ಲದಿದ್ದರೆ ಯಾವುದನ್ನು ಬೇಕಾದರೂ ಎಳೆದು ಯಾವುದನ್ನು ಬೇಕಾದರೂ ಮಾಡಬಹುದು.

ಮೂಡಿಗೆರೆ ತೋಟ

ಕಲಸುವ ಆಟ ಕಮ್ಮಿ ಅನ್ನುವುದು ಸರಿ. ಆದರೆ ತಿರುಗಿಸುವುದರಲ್ಲಿ ನಾವು ಶ್ರೀಮಂತರು. ನದಿ ತಿರುಗಿದರೆ ದಿನ. ಕಪಿ ತಿರುಗಿದರೆ ಪಿಕ, ಮಂಗ ಹೋಗಿ ಕೋಗಿಲೆ. ಶ್ಲೇಷೆಯಲ್ಲಂತೂ ಕೇಳುವುದೇ ಬೇಡ. ‘ಪಕ್ಕದ ಮನೆಯವರು, ತಲೆಯ ಬಿಳಿ, ಹೇಮಾವತಿ ಉಕ್ಕಿದಾಗ ಬರುವುದು (2)’. ನೆರೆ. ಒಂದೇ ಪದಕ್ಕೆ ಮೂರು ಅರ್ಥ. ‘ವಾರದ ದಿನಗಳಷ್ಟು ಸಲ ಅಮ್ಮ ಬೆಳಗ್ಗೆ ಹೇಳುವ ಮಾತು (2)’. ಏಳು.

ಅಡಗಿಸುವ ಆಟದಲ್ಲಿ ನಮ್ಮ ಪಕ್ಕದ ಜಿಲ್ಲೆಗೆ ಸಿಕ್ಕಿದ್ದು ಎಲ್ಲಕ್ಕಿಂತ ಚೆಂದ. ‘ಸಿಂಹಾಸನದಲ್ಲಿ ಅಡಗಿ ಕೂತ ಊರು (3)’. ಹಾಸನ. ಸಿಂಹಾಸನಪುರಿ ಅಂತ ಊರಿಗೆ ಹಳೇ ಹೆಸರಿತ್ತು ಅನ್ನುವ ಕಥೆಯೂ ಇದೆಯಲ್ಲ, ಹಾಗಾಗಿ ಸುಳಿವಿಗೆ ಅದೂ ಒದಗಿ ಬಂತು.

ಪೆನ್ಸಿಲ್ ಮೇಷ್ಟ್ರು

ಈಗ ಹಲ್ಮಿಡಿಗೆ ಬರೋಣ.

ಮೊದಲು ಸುಳಿವಿನಲ್ಲಿ ಅರ್ಥ ಹೇಳುವ ಭಾಗ. ‘ಹಳೇ ಶಾಸನದ ಊರು’ ಅಂತ ಯಗಚಿ ಬರೆದಿದ್ದಾಳೆ. ‘ಮೊದಲ ಶಾಸನ’ ಅನ್ನಲಿಲ್ಲ. ಅದು ನನಗೆ ಹಿಡಿಸಿತು. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು ಅಂತ ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಈಚೆಗೆ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು ಎನ್ನುವ ವಾದ ಇದೆ. ‘ಹಳೇ’ ಅಂದರೆ ಯಾರೂ ತಕರಾರು ತೆಗೆಯುವ ಹಾಗಿಲ್ಲ. ಅರ್ಥ ಹೇಳುವಾಗ ಇಷ್ಟು ಎಚ್ಚರ ಬೇಕು.

ಇನ್ನು ಆಟ. ಯಗಚಿ ಸದ್ದಿನ ಪರ, ಜಂಕ್ಷನ್ ಅಕ್ಷರದ ಪರ. ನನಗೆ ಇಬ್ಬರೂ ಸರಿ ಅನಿಸುತ್ತದೆ, ಯಾಕೆ ಅಂತ ಹೇಳುತ್ತೇನೆ. ಪದವನ್ನು ಒಡೆಯುವಾಗ ನಾವು ಅಕ್ಷರವನ್ನೇ ನಂಬಬೇಕು. ಮನೆ ಇರುವುದು ಅಕ್ಷರಕ್ಕೆ. ತಲೆ, ಬಾಲ, ಅರ್ಧ, ಮುರಿ, ಕಡಿ, ಇವೆಲ್ಲ ಪೂರ್ತಿ ಅಕ್ಷರಕ್ಕೇ ಅನ್ವಯಿಸಬೇಕು. ಇಲ್ಲಿ ಜಂಕ್ಷನ್ ಹೇಳಿದ್ದು ನೂರಕ್ಕೆ ನೂರು ಸರಿ.

ಆದರೆ ಎರಡು ಪದ ಕೂಡಿದಾಗ ಏನಾಗುತ್ತದೆ? ಕನ್ನಡ ಅವನ್ನು ಸುಮ್ನೆ ಪಕ್ಕಪಕ್ಕ ಇಡುವುದಿಲ್ಲ, ಬೆಸೆಯುತ್ತದೆ. ಕಣ್ಣು ಮತ್ತು ಮಣಿ ಕೂಡಿ ಕಣ್ಮಣಿ. ಅಲ್ಲಿ ‘ಣ್ಣು’ ಹೋಗಿ ‘ಣ್ಮ’ ಬಂತು, ಯಾರೂ ತಪ್ಪು ಅನ್ನಲಿಲ್ಲ. ಹಲ್ಲು ಪುಡಿ ಕೂಡಿದರೆ? ಅಂಗಡಿಗೆ ಹೋಗಿ ಹಲ್ಪುಡಿ ಕೊಡಿ ಅಂತ ತಾನೇ ಕೇಳುವುದು. ಹಲ್ಲು ಸಮಾಸದಲ್ಲಿ ‘ಹಲ್’ ಆಗುವುದು ಯಗಚಿ ಮಾಡಿದ ಕಿತಾಪತಿ ಅಲ್ಲ, ದಿನಾ ಬೆಳಗ್ಗೆ ನಾವೆಲ್ಲ ಆಡುವ ಮಾತು. ಹಳಗನ್ನಡಕ್ಕೆ ಹೋದರೆ ಹಲ್ಲಿಗೆ ‘ಪಲ್’ ಅಂತಲೇ ಹೆಸರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೇ ಇದೂ. ಶಾಸನದಲ್ಲಿ ಆ ಊರಿನ ಹೆಸರೂ ಪಕಾರದಿಂದಲೇ ಶುರುವಾಗುತ್ತದೆ.

ಹಾಗಾಗಿ ಹಲ್ಲು ಮತ್ತು ಮಿಡಿಯಿಂದ ಹಲ್ಮಿಡಿ ಕಟ್ಟಬಹುದು, ತಪ್ಪಿಲ್ಲ. ಈ ಸುಳಿವಿನಲ್ಲಿ ಕೆಟ್ಟದ್ದು ‘ಮುರಿದು’ ಎನ್ನುವ ಒಂದೇ ಪದ. ಅಲ್ಲಿ ಯಾವ ಹಲ್ಲೂ ಮುರಿದಿಲ್ಲ ಮಗಳೇ. ಎರಡು ಪದ ಕೂಡಿದವು ಅಷ್ಟೇ.

ಯಗಚಿ ದಂಡೆ

ಮೇಷ್ಟ್ರೇ, ಇದನ್ನು ಎರಡು ಸಲ ಓದಿದೆ. ಒಪ್ಪಿದೆ. ‘ಮುರಿದು’ ಹಾಕಿದ್ದು ಮೇಲಿನ ಮಾತು ಚೆನ್ನಾಗಿ ಬರಲಿ ಅಂತ. ಗಟ್ಟಿ ಮಿಡಿ ಕಚ್ಚಿ ಹಲ್ಲು ಮುರಿದುಕೊಂಡ ಚಿತ್ರ ಕಣ್ಣಿಗೆ ಕಟ್ಟಿತ್ತು, ಅದನ್ನು ಬಿಡಲು ಮನಸ್ಸು ಬರಲಿಲ್ಲ. ಜಂಕ್ಷನ್ ಅಣ್ಣ, ನೀವು ರೈಲಲ್ಲಿ ಹಮಿಡಿ ಹುಡುಕಿದ್ದಕ್ಕೆ ನಾನೇ ಕಾರಣ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಒಂದು ಪದ್ಧತಿ ಮಾಡಿಕೊಳ್ಳೋಣವಾ? ಕೂಡಿ, ಬೆಸೆದು, ಬೆರೆತು, ಸೇರಿ ಅಂತ ಇದ್ದರೆ ಸಂಧಿ ಸಮಾಸ ಆಗಬಹುದು ಅಂತ ಅರ್ಥ. ಪಕ್ಕ, ಮುಂಚೆ, ಆಮೇಲೆ ಅಂತ ಇದ್ದರೆ ಅಕ್ಷರ ಇದ್ದ ಹಾಗೇ ಸಾಲಾಗಿ ಕೂರಬೇಕು.

ಅರಸೀಕೆರೆ ಜಂಕ್ಷನ್

ಇದು ನನಗೆ ಪೂರ್ತಿ ಒಪ್ಪಿಗೆ. ಬೇಜಾರು ಏನೂ ಇಲ್ಲ ಅಕ್ಕಾ, ಮೆಚ್ಚುವ ಪದಬಂಧಕ್ಕೇ ಜಗಳ ಆಡುವುದು. ಪದ್ಧತಿಯನ್ನು ಹಳೇ ಸುಳಿವುಗಳ ಮೇಲೆ ಹಾಕಿ ನೋಡಿದೆ. ಕಿತ್ತಳೆಯಲ್ಲಿ ‘ಮುಂಚೆ’ ಇದೆ, ಅಕ್ಷರ ಹಾಗೇ ಕೂತಿದೆ. ಸರಿ. ಹೋದ ತಿಂಗಳ ‘ಬೇಲಿ ಊರಿಗೆ ಸೇರಿ ಶಿಲಾಬಾಲಿಕೆಯರ ನೆಲೆ (3)’, ಬೇಲೂರು. ಬೇಲಿ ಮತ್ತು ಊರು, ಲೋಪ ಸಂಧಿ, ‘ಸೇರಿ’ ಇದೆ. ಸರಿ. ಅವತ್ತು ನಾನು ಇದಕ್ಕೆ ತಕರಾರು ತೆಗೆದೇ ಇರಲಿಲ್ಲ, ಈಗ ನೋಡಿದರೆ ಕಾರಣ ಗೊತ್ತಾಯಿತು.

ಮೇಷ್ಟ್ರು ಕಟ್ಟಿದ್ದ ‘ಮಳೆಯ ತಲೆಗೆ ಧ್ವನಿ, ಆಮೇಲೆ ಕೆರೆಯ ತಲೆ: ಬೇಲೂರಿನ ಚೆಲುವೆ (4)’ ಕೂಡ ದಾಟುತ್ತದೆ. ಮ, ದನಿ, ಕೆ. ಮದನಿಕೆ. ಸಂಧಿ ಇಲ್ಲ, ‘ಸೇರಿ’ಯೂ ಇಲ್ಲ.

ಮೂಡಿಗೆರೆ ತೋಟ

ಹಾಗಾದರೆ ನಮ್ಮೂರಿನದ್ದನ್ನೂ ಪರೀಕ್ಷೆಗೆ ಹಾಕಿ. ‘ಕಿರಿ ಮಗಳಿಗೆ ಸೇರಿದ ಊರು (6)’.

ಪೆನ್ಸಿಲ್ ಮೇಷ್ಟ್ರು

ಆಹಾ. ಚಿಕ್ಕ, ಮಗಳ, ಊರು. ಸೇರಿದಾಗ ‘ಳ’ದ ಅಕಾರ ಲೋಪವಾಗಿ ‘ಳೂ’. ಚಿಕ್ಕಮಗಳೂರು. ‘ಸೇರಿದ’ ಅಂದರೆ ಅವಳ ಪಾಲಿನದು ಅಂತಲೂ ಆಯಿತು, ಸಂಧಿಗೆ ಸೂಚನೆಯೂ ಆಯಿತು. ಸಖರಾಯಪಟ್ಟಣದ ದೊರೆ ರುಕ್ಮಾಂಗದ ಕಿರಿಯ ಮಗಳಿಗೆ ಬಳುವಳಿ ಕೊಟ್ಟ ಊರು ಅಂತ ಸ್ಥಳಪುರಾಣ, ಹಿರಿಯವಳಿಗೆ ಪಕ್ಕದ ಹಿರೇಮಗಳೂರು. ಈ ಸುಳಿವಿನಲ್ಲಿ ಅರ್ಥ ಬೇರೆ ಆಟ ಬೇರೆ ಅಂತ ಎರಡು ತುಂಡು ಇಲ್ಲ. ಇಡೀ ಸುಳಿವೇ ಅರ್ಥ, ಇಡೀ ಸುಳಿವೇ ಆಟ. ಇಂಥದ್ದು ವರ್ಷಕ್ಕೆ ಒಂದು ಸಿಕ್ಕರೂ ಸಾಕು. ಇದನ್ನು ನಾನು ಕಟ್ಟಿದ್ದಿದ್ದರೆ ಅಂತ ಆಸೆ ಆಗುತ್ತಿದೆ.

ಮೂಡಿಗೆರೆ ತೋಟ

ಮೇಷ್ಟ್ರೇ, ನಿಮ್ಮಿಂದ ಈ ಮಾತು ಕೇಳಿದ್ದು ಸಾಕು. ಬೆಳಗ್ಗೆಯಿಂದ ಮಳೆ, ಕರೆಂಟೂ ಇಲ್ಲ, ಆದರೂ ಇವತ್ತು ಒಳ್ಳೆಯ ದಿನ.

ಕೊಪ್ಪದ ಹುಡುಗ

ನಾನೂ ಒಂದು ಮಾಡಿದೆ. ಜೀವನದಲ್ಲಿ ಮೊದಲನೆಯದು. ತಪ್ಪಿದ್ದರೆ ಹೇಳಿ, ಬೇಜಾರಿಲ್ಲ.

‘ಅರ್ಧ ಕೊಪ್ಪರಿಗೆಯಷ್ಟು ದೊಡ್ಡದಾಗಿರುವ ಕುವೆಂಪು ಹುಟ್ಟಿದ ತಾಲ್ಲೂಕು (2)’

ಯಗಚಿ ದಂಡೆ

ಕೊಪ್ಪರಿಗೆ ನಾಲ್ಕು ಮನೆ, ಅರ್ಧ ಎರಡು, ಕೊಪ್ಪ! ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರುವುದು ಕೊಪ್ಪ ತಾಲ್ಲೂಕಿನಲ್ಲೇ. ಅರ್ಥವೂ ಸರಿ, ಆಟವೂ ಸರಿ. ಆದರೆ ತಮ್ಮಾ, ‘ಅಷ್ಟು ದೊಡ್ಡದಾಗಿರುವ’ ಏನು ಕೆಲಸ ಮಾಡುತ್ತಿದೆ? ಮೇಷ್ಟ್ರು ಹೇಳಿದ ಮೂರನೇ ನಿಯಮ ನೆನಪು ಮಾಡಿಕೋ.

ಕೊಪ್ಪದ ಹುಡುಗ

‘ಅರ್ಧ ಕೊಪ್ಪರಿಗೆ ಕುವೆಂಪು ಹುಟ್ಟಿದ ತಾಲ್ಲೂಕಿಗೆ (2)’. ಹೀಗೆ?

ಪೆನ್ಸಿಲ್ ಮೇಷ್ಟ್ರು

ಹೀಗೇ. ಮುಂದಿನ ವಾರದ ಪದಬಂಧಕ್ಕೆ ಇದು ಇರಲಿ. ಯಗಚಿ, ಜಾಗ ಮಾಡಿಕೊಡು.

ಯಗಚಿ ದಂಡೆ

ಮಾಡಿದೆ ಮೇಷ್ಟ್ರೇ. 9ನ್ನೂ ತಿದ್ದಿ ಹಾಕಿದ್ದೇನೆ, ಎಲ್ಲರೂ ಹಾಳೆಯಲ್ಲಿ ಬದಲಾಯಿಸಿಕೊಳ್ಳಿ. ‘ಹಲ್ಲು, ಎಳೆ ಮಾವು ಕೂಡಿ ಹಳೇ ಶಾಸನದ ಊರು (3)’. ನಡುವಿನ ಮನೆಗೆ ಈಗ ಫಿಲ್ಮಿ ಅಡ್ಡ ಹಾಯುತ್ತದೆ. ಅದಕ್ಕೆ ಸುಳಿವು ಇನ್ನೂ ಹೊಳೆದಿಲ್ಲ, ಇವತ್ತು ರಾತ್ರಿ ಅದರ ಜೊತೆ ಕೂರುತ್ತೇನೆ.